ಬಿಳಿಗಿರಿಯೆಡೆಗೆ ಒಂದು ಬೆಳಗು

ಯಳಂದೂರಿನಿಂದ ಮುಂಜಾವಿನಲ್ಲಿ ಬಿಳಿಗಿರಿರಂಗನ ಬೆಟ್ಟದತ್ತ ಹೊರಟರೆ ನಮಗೆ ಮೊದಲು ಎದುರಾಗುವುದು ಸುವರ್ಣಾವತಿಯ ನೀರುಂಡ ಬತ್ತದ ಬಯಲು. ಬಳಿಕ ಕುರುಚಲು ಕಾಡು. ಕೊನೆಗೆ ಮಂಜು ಮುಸುಕಿದ ಬಿಳಿಯ ಬಂಡೆ. ಅದು ಸುಣ್ಣದ ಕಲ್ಲಲ್ಲ, ಅತಿ ಪುರಾತನವಾದ ಗಟ್ಟಿ ಶಿಲೆ.

1956ರವರೆಗೆ ಕೊಳ್ಳೇಗಾಲ, ಹನೂರುಗಳು ಮದರಾಸಿಗೂ ಯಳಂದೂರು ಮೈಸೂರಿಗೂ ಸೇರಿದ್ದುವು. ಆ ಗೆರೆಯನ್ನು ಹೊಳೆ ಲೆಕ್ಕಿಸಲಿಲ್ಲ, ಆನೆ ಅರಿಯಲಿಲ್ಲ. ಕೊನೆಗೆ ಕನ್ನಡಿಗರು ಅದನ್ನು ಅಳಿಸಿದರು. ಆದರೆ 1974ರಲ್ಲಿ ಬೆಟ್ಟವು ಅಭಯಾರಣ್ಯವಾದಾಗ ಸೋಲಿಗರಿಗೂ ಕಾಡಿಗೂ ನಡುವೆ ಇನ್ನೊಂದು ಗೆರೆ ಬಿದ್ದಿತು. ದೊಡ್ಡ ಸಂಪಿಗೆಯ ಮರವನ್ನೇ ದೇವರೆಂದು ಪೂಜಿಸುವ ಆ ಜನರ ಅರಣ್ಯದ ಹಕ್ಕಿಗೆ ಮನ್ನಣೆ ದೊರೆತುದು 2011ರಲ್ಲಿ.

ನಾಡು ಒಂದಾಯಿತೆಂದು ಹಿಗ್ಗುವ ನಾವು ಆ ಹಕ್ಕು ಬರಿಯ ಕಾಗದದಲ್ಲಿ ಉಳಿಯಗೊಡಬಾರದು. ಅವರನ್ನು ಹೊರಗಿಟ್ಟ ಏಕೀಕರಣವು ಅರೆಯ ಏಕೀಕರಣವೇ ಸರಿ.