ಮಹಾದೇವಿಯೆಂಬ ನಾಮಧೇಯ



ಹೆಣ್ಣು ಕೂಸನ್ನು ತೊಟ್ಟಿಲಿಗಿಟ್ಟು ಮಹಾದೇವಿಯೆಂದು ಹೆಸರು ಕರೆಯುವ ವಾಡಿಕೆ ಕನ್ನಡನಾಡಿನ ಊರೂರಿನಲ್ಲಿಯೂ ಉಂಟು. ಬಳಕೆಯಲ್ಲಿ ಅದು ಮಾದೇವಿ, ಮಾದೇವಕ್ಕ, ಮಹಾದೇವಮ್ಮ ಎಂದಾಗಿರುವುದು. ಈಚೆಗೆ ಕೆಲವರು ಅಜ್ಜಿಯರ ಕಾಲದ ಹೆಸರೆಂದು ಇದನ್ನು ಬದಿಗಿಡುತ್ತಿರುವರು. ಬಿಡುವವರು ತಾವು ಬಿಡುತ್ತಿರುವುದು ಏನೆಂಬುದನ್ನು ಅರಿತಾದರೂ ಬಿಡಲಿ.

ವ್ಯಾಕರಣದ ಮಾತು ಸ್ವಲ್ಪವೇ. ಹಿರಿಯಳಾದ ದೇವಿಯೆಂದರೆ ಕರ್ಮಧಾರಯ. ಮಹಾದೇವನ ಸತಿಯೆಂದರೆ ಪತಿಯ ಹೆಸರಿನಿಂದ ಬಂದ ಸ್ತ್ರೀಲಿಂಗರೂಪ. ಆದರೆ ಈ ಹೆಸರು ಮೊದಲು ಮೆರೆದುದು ಅರಮನೆಯಲ್ಲಿ. ಪಟ್ಟಾಭಿಷಿಕ್ತಳಾದ ರಾಣಿಗೆ ನಾಟಕದಲ್ಲಿ ದೇವಿಯೆಂಬ ಹೆಸರೆಂದು ಅಮರಕೋಶವು ಹೇಳುವುದು. 8ನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ; ಬಳಿಯಲ್ಲಿಯೇ ಇರುವ ಮಲ್ಲಿಕಾರ್ಜುನ ದೇವಾಲಯವು ಆಕೆಯ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ಹೊಯ್ಸಳ ವಿಷ್ಣುವರ್ಧನನ ಶಾಂತಲೆಯೂ ಪಟ್ಟಮಹಾದೇವಿಯೇ.

ಇಂತಹ ಬಿರುದು ಕೂಲಿಯವನ ಗುಡಿಸಲಿನ ತೊಟ್ಟಿಲಿಗೆ ಇಳಿದು ಬಂದುದು ಹೇಗೆ? 12ನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿಯು ಅರಸನಾದ ಕೌಶಿಕನನ್ನು ತೊರೆದು, ಕಲ್ಯಾಣದ ಶರಣರನ್ನು ಕಂಡು, ಶ್ರೀಶೈಲಕ್ಕೆ ನಡೆದಳು. ಹರಿಹರನ ರಗಳೆಯಲ್ಲಿ ಆಕೆಯು ಕಟ್ಟಳೆಗಳನ್ನೊಡ್ಡಿ ಅವನನ್ನು ವರಿಸಿ, ಅವನು ತಪ್ಪಿದ ಮೇಲೆ ಹೊರಟಳು. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯಾದರೋ ಮದುವೆಯೇ ನಡೆಯಲಿಲ್ಲ. ಪಂಡಿತರು ಈ ವಿಷಯದಲ್ಲಿ ಬೇಕಾದಷ್ಟು ವಾದಿಸಿರುವರು, ವಾದಿಸಲಿ! ಅರಮನೆಯಲ್ಲಿ ಆಕೆ ನಿಲ್ಲಲಿಲ್ಲವೆಂಬಲ್ಲಿ ಇಬ್ಬರು ಕವಿಗಳಿಗೂ ಭೇದವಿಲ್ಲ. ನಿಂತಿದ್ದರೆ ಮಹಾದೇವಿಯೆಂಬುದು ಇನ್ನೊಬ್ಬ ರಾಣಿಯ ಪಟ್ಟದ ಹೆಸರಾಗಿ ಶಾಸನದ ಕಲ್ಲಿನಲ್ಲಿ ಉಳಿಯುತ್ತಿದ್ದಿತು. ಚೆನ್ನಮಲ್ಲಿಕಾರ್ಜುನನೇ ತನಗೆ ಗಂಡನೆಂದ ಆಕೆಗೆ ವೈಯಾಕರಣರು ಹೇಳುವ ಎರಡನೆಯ ಅರ್ಥವೇ ಬಾಳಾಯಿತು.

ಮೋಳಿಗೆಯ ಮಾರಯ್ಯನವರ ಮನೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುವುದು. ಕಾಶ್ಮೀರದ ಅರಸುದಂಪತಿಗಳು ಸಿಂಹಾಸನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಜಂಗಮದಾಸೋಹವನ್ನು ನಡೆಸಿದರೆಂದು ಸಂಪ್ರದಾಯ. ಆ ತಾಯಿಯು ರಾಣಿಯಾಗಿದ್ದಾಗ ಗಂಗಾದೇವಿ. ಕಟ್ಟಿಗೆ ಮಾರುವವನ ಮಡದಿಯಾದಾಗ ಮಹಾದೇವಿ. ಅರಮನೆಯ ಲೆಕ್ಕ ಇಲ್ಲಿ ಪೂರ್ಣವಾಗಿ ತಲೆಕೆಳಗಾಯಿತು.

ಅಕ್ಕಮಹಾದೇವಿಯೆಂದೇ ಹೆಸರಿಡುವವರೂ ಉಂಟು. ಅಕ್ಕನೆಂಬುದು ಹುಟ್ಟುಹೆಸರಿನ ಭಾಗವಲ್ಲ. ವಯಸ್ಸಿನಲ್ಲಿ ಹಿರಿಯರಾದ ಶರಣರೂ ಆಕೆಯನ್ನು ಗೌರವದಿಂದ ಕರೆದ ಮಾತು. ಎಪ್ಪತ್ತು ವರ್ಷದ ಮುದುಕನು ತೊಟ್ಟಿಲನ್ನು ತೂಗುತ್ತ ಮೊಮ್ಮಗಳನ್ನು “ಅಕ್ಕಾ” ಎಂದು ಕೂಗುವ ಮನೆಗಳು ಈ ನಾಡಿನಲ್ಲಿ ಇಂದಿಗೂ ಇರುವವು. ಕೇಳಿದವರಾರೂ ನಗುವುದಿಲ್ಲ.