ಹೆಚ್ಚಿಗೆ ತಂದ ಸಾಲ

(ಶಿವಗಂಗೆಯಲ್ಲಿ ಯುವಜನರಿಗಾಗಿ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

 

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ‘ಯಶಸ್ವಿ ಉದ್ಯಮಿ’ ಎಂದು ಅಚ್ಚು ಹಾಕಿಸಿದ್ದೀರಿ. ನಮ್ಮ ಮನೆಯವರು ಅದನ್ನು ಓದಿ ನಕ್ಕರು. ದಾಬಸ್‌ಪೇಟೆಯಲ್ಲಿ ನಮ್ಮದೊಂದು ಶೆಡ್ ಇದೆ. ನನ್ನನ್ನೂ ಸೇರಿಸಿ ಒಂಬತ್ತು ಜನ ಕೆಲಸ ಮಾಡುತ್ತೇವೆ. ಬೋರ್‌ವೆಲ್ ಮೋಟಾರನ್ನು ಮನೆಯಲ್ಲೇ ಕುಳಿತು ಫೋನಿನಿಂದ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ನಮ್ಮ ಮುಖ್ಯ ತಯಾರಿಕೆ. ಇದರಾಚೆಗೆ ದೊಡ್ಡದೇನೂ ಇಲ್ಲ. ಉದ್ಯಮ ಕಟ್ಟುವುದು ಹೇಗೆ ಎಂದು ಹೇಳಲು ನನಗಿಂತ ಬಲ್ಲವರು ಬಹಳ ಇದ್ದಾರೆ. ಇಂಥ ಸಣ್ಣ ಕಸುಬಿಗೆ ದುಡ್ಡು ಎಲ್ಲಿಂದ ಬರುತ್ತದೆ, ಬಂದದ್ದು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಇಷ್ಟು ಮಾತ್ರ ನಾನು ಪೆಟ್ಟು ತಿಂದು ಕಲಿತಿದ್ದೇನೆ. ಅದನ್ನೇ ಹೇಳುತ್ತೇನೆ.

ಈ ಬೆಟ್ಟದ ಮೆಟ್ಟಿಲುಗಳ ಮೇಲೆ ಸೌತೆಕಾಯಿ, ಮಜ್ಜಿಗೆ ಮಾರುವ ತಾಯಂದಿರನ್ನು ನೀವೆಲ್ಲ ನೋಡಿದ್ದೀರಿ. ಬೆಳಿಗ್ಗೆ ಐನೂರು ರೂಪಾಯಿಯ ಕಾಯಿ ತರುತ್ತಾರೆ. ಕೋತಿ ಕಿತ್ತುಕೊಂಡದ್ದು ಹೋಗಿ ಉಳಿದದ್ದನ್ನು ಮಾರಿ ಸಂಜೆ ದುಡ್ಡು ಎಣಿಸಿಕೊಂಡು ಇಳಿಯುತ್ತಾರೆ. ಆ ಐನೂರು ಮಾರನೆಯ ದಿನ ಮತ್ತೆ ಕಾಯಿಯಾಗಿ ಬೆಟ್ಟ ಹತ್ತುತ್ತದೆ. ಲೆಕ್ಕಪತ್ರದವರು ದುಡಿಯುವ ಬಂಡವಾಳ ಎನ್ನುವುದು ಇದನ್ನೇ. ನಮ್ಮಂಥವರ ಕಷ್ಟ ಏನೆಂದರೆ, ನಾವು ಇಂದು ಕಾಯಿ ಕೊಟ್ಟು ನೂರಿಪ್ಪತ್ತು ದಿನ ಬಿಟ್ಟು ದುಡ್ಡು ಎಣಿಸುತ್ತೇವೆ. ಅಷ್ಟು ದಿನ ಒಲೆ ಉರಿಯಬೇಕಲ್ಲ, ಅದಕ್ಕೆ ಸಾಲ.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಕಂಟ್ರೋಲ್ ಪ್ಯಾನೆಲ್ ವೈರಿಂಗ್ ಕೆಲಸದಲ್ಲಿದ್ದೆ. ಊರಿನಲ್ಲಿ ಅಪ್ಪ ರಾಗಿ, ಸ್ವಲ್ಪ ಅಡಿಕೆ ಇಟ್ಟುಕೊಂಡಿದ್ದರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ ಹೊತ್ತು. ಬ್ಯಾಟರಿ ಹಿಡಿದು, ಕೋಲು ತಟ್ಟಿಕೊಂಡು ಹೊಲಕ್ಕೆ ಹೋಗಿ ಮೋಟಾರು ಹಾಕಿ ಬರುತ್ತಿದ್ದರು. ಒಂದು ರಾತ್ರಿ ಸ್ಟಾರ್ಟರ್ ಡಬ್ಬಿಯ ಒಳಗೇ ಹಾವು ಸುತ್ತಿಕೊಂಡಿತ್ತು. ಆ ವಾರವೇ ನಾನು ಎಸ್.ಪಿ. ರಸ್ತೆಗೆ ಹೋಗಿ ಒಂದು ಜಿಎಸ್‌ಎಂ ಮಾಡ್ಯೂಲ್, ರಿಲೇ ತಂದು ಜೋಡಿಸಿದೆ. ಫೋನ್ ಮಾಡಿದರೆ ಮೋಟಾರು ಓಡಬೇಕು, ನೀರು ಬತ್ತಿದರೆ ತಾನೇ ನಿಲ್ಲಬೇಕು, ಕರೆಂಟ್ ಬಂದರೆ ಮೆಸೇಜ್ ಕಳಿಸಬೇಕು. ಸುಮ್ಮನೆ ಅಪ್ಪನಿಗಾಗಿ ಮಾಡಿದ್ದು. ಪಕ್ಕದ ಹೊಲದವರು ನೋಡಿ “ನಮಗೂ ಒಂದು ಮಾಡ್ಕೊಡು ಮಗಾ” ಎಂದರು.

2014ರಲ್ಲಿ ಕೆಲಸ ಬಿಟ್ಟೆ. ಹನ್ನೊಂದು ಜನ ರೈತರು ತಲಾ ಸಾವಿರ ರೂಪಾಯಿ ಮುಂಗಡ ಕೊಟ್ಟರು. ನನ್ನ ಕಂಪನಿಗೆ ಬಂದ ಮೊದಲ ಬಂಡವಾಳ ಆ ಹನ್ನೊಂದು ಸಾವಿರ. 1981ರಲ್ಲಿ ಇನ್ಫೋಸಿಸ್ ಶುರುವಾದದ್ದು ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರದಿಂದ. ಅವರಿಗಿಂತ ನನ್ನದು ಸಾವಿರ ಹೆಚ್ಚು ಎಂದು ಸ್ನೇಹಿತರ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೆ. ಆ ಕಾಲದ ಹತ್ತು ಸಾವಿರಕ್ಕೆ ಎಷ್ಟು ಬೆಲೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ!

ಆದರೆ ಆ ಹನ್ನೊಂದು ಸಾವಿರದ ಗುಣ ನನಗೆ ಆಗ ತಿಳಿದಿರಲಿಲ್ಲ. ಅದಕ್ಕೆ ಬಡ್ಡಿ ಇಲ್ಲ. ಅದಕ್ಕಾಗಿ ಯಾರಿಗೂ ಕಂಪನಿಯ ಪಾಲು ಬರೆದುಕೊಡಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ವಸ್ತು ಜನಕ್ಕೆ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅದೇ ಉತ್ತರ. ಗಿರಾಕಿಯ ದುಡ್ಡಿನಿಂದಲೇ ಬೆಳೆಯುವುದು ಸಣ್ಣವರಿಗೆ ಮಾತ್ರ ಎಂದುಕೊಳ್ಳಬೇಡಿ. 2010ರಲ್ಲಿ ಬೆಂಗಳೂರಿನಲ್ಲಿ ನಿತಿನ್ ಕಾಮತ್ ಶುರು ಮಾಡಿದ ಜೆರೋಧ, ಹೊರಗಿನ ಹೂಡಿಕೆದಾರರ ದುಡ್ಡು ಪಡೆಯದೆ ದೇಶದ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾಯಿತು.

ಮೊದಲ ನಾಲ್ಕು ವರ್ಷ ನಿಧಾನವಾಗಿ ನಡೆಯಿತು. 2018ರಲ್ಲಿ ಒಂದು ದೊಡ್ಡ ಗುತ್ತಿಗೆ ಕಂಪನಿಯಿಂದ ಬೀದಿದೀಪಗಳ ನಿಯಂತ್ರಣ ಪೆಟ್ಟಿಗೆಗಳಿಗೆ ಆರ್ಡರ್ ಬಂತು. 36 ಲಕ್ಷದ್ದು. ಅಲ್ಲಿಯವರೆಗೆ ನಮ್ಮ ಇಡೀ ವರ್ಷದ ವಹಿವಾಟು ಅದರ ಅರ್ಧ ಇರಲಿಲ್ಲ. ಸಾಮಾನು ಕೊಳ್ಳಲು, ಸಂಬಳ ಕೊಡಲು ಹನ್ನೆರಡು ಲಕ್ಷ ಸಾಕಿತ್ತು. ಬ್ಯಾಂಕಿನಲ್ಲಿ ಆರ್ಡರ್ ತೋರಿಸಿದೆ. “ಜಮೀನು ಆಧಾರ ಕೊಡ್ತೀರಾ? ಹಾಗಾದ್ರೆ ಇಪ್ಪತ್ತೈದು ಮಾಡೋಣ” ಎಂದರು. ನಾನು ಬೇಡ ಎನ್ನಲಿಲ್ಲ. ಅಪ್ಪ ಒಂದೂವರೆ ಎಕರೆ ಪತ್ರ ತಂದು ಕೈಗಿಟ್ಟರು. “ನೋಡಪ್ಪಾ, ನಿಂಗೆ ಗೊತ್ತು” ಅಂದರು, ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಣ್ಣ ಉದ್ಯಮಗಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಆಧಾರ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಆಧಾರವಿಲ್ಲದ ಸಾಲಕ್ಕೆ ಜಾಮೀನು ನಿಲ್ಲಲೆಂದೇ 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ ಸಾಲ ಖಾತರಿ ನಿಧಿಯೊಂದನ್ನು ಮಾಡಿವೆ. ಸಿಜಿಟಿಎಂಎಸ್‌ಇ ಎನ್ನುತ್ತಾರೆ, ಹೆಸರು ಉದ್ದ, ಬರೆದಿಟ್ಟುಕೊಳ್ಳಿ. ವರ್ಷಕ್ಕಿಷ್ಟು ಶುಲ್ಕ ಕಟ್ಟಿದರೆ ಜಮೀನಿನ ಪತ್ರದ ಜಾಗದಲ್ಲಿ ಅದು ನಿಲ್ಲುತ್ತದೆ. ಹೊಸದೊಂದು ಯೋಚನೆ ಇದ್ದವರಿಗೆ ರಾಜ್ಯ ಸರ್ಕಾರದ ‘ಎಲಿವೇಟ್’ ಇದೆ, 2017ರಿಂದ ನಡೆಯುತ್ತಿದೆ, ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನ, ಪಾಲು ಕೇಳುವುದಿಲ್ಲ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ, ಎದುರಿಗೆ ಕುಳಿತವರೂ ಹೇಳಲಿಲ್ಲ. ಅಪ್ಪನ ಜಮೀನಿನ ಪತ್ರ ಕೊನೆಯ ಬಾಗಿಲು. ನಾನು ಅದನ್ನೇ ಮೊದಲು ತಟ್ಟಿದೆ.

ಕೈಗೆ ಬಂದ ಹೆಚ್ಚಿನ ಹದಿಮೂರು ಲಕ್ಷದಲ್ಲಿ ಏನು ಮಾಡಿದೆ? ಒಂಬತ್ತು ಲಕ್ಷಕ್ಕೆ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವ ಚೀನಾ ಯಂತ್ರ ತಂದೆ. ನಮ್ಮ ಮೂವರು ಹೆಣ್ಣುಮಕ್ಕಳು ಕೈಯಲ್ಲಿ ಮಾಡುತ್ತಿದ್ದ ಕೆಲಸ ಅದು, ಚೆನ್ನಾಗಿಯೇ ಮಾಡುತ್ತಿದ್ದರು. ಉಳಿದದ್ದರಲ್ಲಿ ಶೆಡ್ಡಿಗೆ ಟೈಲ್ಸ್, ನನಗೊಂದು ಗಾಜಿನ ಕ್ಯಾಬಿನ್, ಎಸಿ. ಆ ಕ್ಯಾಬಿನ್‌ನಲ್ಲಿ ಈಗ ರಟ್ಟಿನ ಡಬ್ಬಿ ಜೋಡಿಸಿದ್ದೇವೆ.

ಪೆಟ್ಟಿಗೆಗಳನ್ನು ಹೇಳಿದ ದಿನಕ್ಕೆ ಕೊಟ್ಟೆವು. ಬಿಲ್ ಹೋಯಿತು. ಜಿಎಸ್‌ಟಿ ನಿಯಮ ನಿಮಗೆ ಗೊತ್ತಿರಲಿ: ಬಿಲ್ ಬರೆದ ಮುಂದಿನ ತಿಂಗಳು ತೆರಿಗೆ ಕಟ್ಟಬೇಕು, ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ. ನೂರಕ್ಕೆ ಹದಿನೆಂಟು. ಖರೀದಿಯ ಮೇಲೆ ಕಟ್ಟಿದ್ದು ಕಳೆದರೂ ಎರಡೂವರೆ ಲಕ್ಷ ಕೈಯಿಂದ ಹೋಯಿತು. ಬರದ ದುಡ್ಡಿಗೆ ತೆರಿಗೆ ಕಟ್ಟಿ, ಬರದ ದುಡ್ಡಿಗಾಗಿ ತಂದ ಸಾಲಕ್ಕೆ ಕಂತು ಕಟ್ಟುವುದು ಎಂಥ ಸುಖ ಎಂದು ಕಟ್ಟಿದವರಿಗೇ ಗೊತ್ತು. ಫೋನ್ ಮಾಡಿದರೆ “ಮೇಲಿಂದ ಬಂದಿಲ್ಲ ಸಾರ್, ಬಂದ ಕೂಡಲೇ ಹಾಕ್ತೀವಿ.” ಏಳು ತಿಂಗಳು ಇದೇ ಮಾತು.

ಇಷ್ಟರವರೆಗೆ ನಾನು ನೊಂದವನು. ಇನ್ನು ಮುಂದಿನದು ಹೇಳಲು ನನಗೆ ಕಷ್ಟ.

ಆ ಪೆಟ್ಟಿಗೆಗಳ ತಗಡಿನ ಮೈ ಮಾಡಿಕೊಟ್ಟವರು ಪೀಣ್ಯದ ಒಬ್ಬ ಹಿರಿಯರು. ಎರಡು ಯಂತ್ರ, ಮೂವರು ಕೆಲಸಗಾರರ ಅಂಗಡಿ. ಅವರಿಗೆ ನಾನು ಒಂದು ಲಕ್ಷ ಎಂಬತ್ತು ಸಾವಿರ ಕೊಡಬೇಕಿತ್ತು. ಅವರು ಫೋನ್ ಮಾಡಿದಾಗ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? “ಮೇಲಿಂದ ಬಂದಿಲ್ಲ ಯಜಮಾನ್ರೇ, ಬಂದ ಕೂಡಲೇ ಹಾಕ್ತೀನಿ.” ಐದನೆಯ ತಿಂಗಳು ಒಂದು ಭಾನುವಾರ ಅವರೇ ಮನೆಗೆ ಬಂದರು. ಕಾಫಿ ಕುಡಿದರು. ಬೈಯಲಿಲ್ಲ. “ಮಗಳ ಕಾಲೇಜು ಫೀಸಿಗೆ ಕೊನೇ ತಾರೀಖು ಗುರುವಾರ ಸ್ವಾಮಿ. ಪೂರ್ತಿ ಬೇಡ, ನಲವತ್ತು ಆದರೂ ನೋಡಿ” ಎಂದರು. ನನ್ನ ಹತ್ತಿರ ನಲವತ್ತು ಸಾವಿರ ಇರಲಿಲ್ಲ. ಒಂಬತ್ತು ಲಕ್ಷದ ಯಂತ್ರ ಇತ್ತು, ಬಟ್ಟೆ ಹೊದಿಸಿ ಇಟ್ಟಿದ್ದೆ.

ಅವರು ಹೋದ ಮೇಲೆ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಪ್ರಸಂಗ. ಇಲ್ಲಿರುವ ಎಲ್ಲರಿಗೂ ಗೊತ್ತಿರುವುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಸಿಕ್ಕಿತು, ತಂದರು. ಲಕ್ಕಮ್ಮ ಹೆಚ್ಚಿನದ್ದನ್ನು ವಾಪಸು ಸುರಿದು ಬನ್ನಿ ಎಂದು ಕಳಿಸಿದರು. ಅದನ್ನು ನಾನು ನೂರು ಸಲ ಕೇಳಿದ್ದೇನೆ. ಅದು ಬ್ಯಾಂಕಿನ ಸಾಲದ ಬಗ್ಗೆಯೂ ಇದೆ ಎಂದು ಅಂದು ರಾತ್ರಿ ಹೊಳೆಯಿತು. ಹೆಚ್ಚಿನ ಅಕ್ಕಿ ಮಾರಯ್ಯನವರ ಜೋಳಿಗೆಯಲ್ಲಿತ್ತು, ನನ್ನದು ಟೈಲ್ಸ್ ಆಗಿತ್ತು. ವಾಪಸು ಸುರಿಯಲು ಬರುವಂತಿರಲಿಲ್ಲ.

ಯಂತ್ರವನ್ನು ಆ ವಾರವೇ ನಾಲ್ಕೂವರೆ ಲಕ್ಷಕ್ಕೆ ಮಾರಿದೆ. ಬುಧವಾರ ಯಜಮಾನರ ಬಾಕಿ ಪೂರ್ತಿ ತೀರಿಸಿದೆ. ಗುತ್ತಿಗೆ ಕಂಪನಿಯ ದುಡ್ಡು ಏಳನೆಯ ತಿಂಗಳು ಬಂತು, ಏನೇನೋ ಕಾರಣ ಹೇಳಿ ಸ್ವಲ್ಪ ಕಡಿತ ಮಾಡಿಕೊಂಡೇ ಬಂತು. ಯಂತ್ರದ ನಷ್ಟ, ಏಳು ತಿಂಗಳ ಬಡ್ಡಿ ನನ್ನ ತಲೆಯ ಮೇಲೆ ಉಳಿಯಿತು.

ಕಾನೂನು ಇರಲಿಲ್ಲವೇ ಎಂದರೆ ಇತ್ತು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೊಡಲು ಮಂಡಳಿ ಇದೆ, 2017ರಲ್ಲಿ ‘ಸಮಾಧಾನ್’ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂದಿತ್ತು. ನಾನು ದೂರು ಕೊಡಲಿಲ್ಲ. ಕೊಟ್ಟರೆ ಮುಂದಿನ ಆರ್ಡರ್ ಬರುವುದಿಲ್ಲ ಎಂಬ ಹೆದರಿಕೆ. ಕೊಡದಿದ್ದರೂ ಬರಲಿಲ್ಲ, ಆ ಮಾತು ಬೇರೆ.

ನಮ್ಮ ಅಕ್ಕನ ಮಗ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ನಾಲ್ಕು ಜನರ ಸಣ್ಣ ಕಂಪನಿ ನಡೆಸುತ್ತಾನೆ. ಅಲ್ಲಿ ಪಶ್ಚಿಮದ ಸಮುದ್ರ ತೀರದಲ್ಲಿ ಸಾಲ್ಮನ್ ಮೀನು ಸಾಕುತ್ತಾರೆ, ಆ ನೀರಿನ ಗುಣ ಅಳೆಯುವ ಉಪಕರಣ ಇವನದು. ಮೀನು ಮುಟ್ಟದ ಮನೆಯ ಹುಡುಗ ಮೀನಿನ ಆರೋಗ್ಯ ನೋಡಿಕೊಂಡು ಬದುಕುತ್ತಿದ್ದಾನೆ! ಅಲ್ಲಿ ಹೊಸ ಕಂಪನಿಗೆ ಬಂಡವಾಳ ಹಾಕುವವರಿಗೆ ಸರ್ಕಾರ ಉತ್ತೇಜನ ಕೊಡುತ್ತದೆ. 2012ರಲ್ಲಿ ಬಂದ ಯೋಜನೆಯೊಂದರಲ್ಲಿ, ಹಾಕಿದ ದುಡ್ಡಿನ ಅರ್ಧದಷ್ಟನ್ನು ಅವರ ಆದಾಯ ತೆರಿಗೆಯಲ್ಲಿ ಬಿಟ್ಟುಕೊಡುತ್ತಾರೆ. ಹಾಗಾಗಿ ಪರಿಚಿತರೇ ನಾಲ್ಕು ಜನ ಇವನ ಕಂಪನಿಯಲ್ಲಿ ಪಾಲು ಕೊಂಡಿದ್ದಾರೆ. ತಡವಾದ ಬಾಕಿಗೆ ಬಡ್ಡಿ ಕೇಳಲು 1998ರ ಕಾಯ್ದೆ ಇದೆ, ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರದ ಮೇಲೆ ನೂರಕ್ಕೆ ಎಂಟು. “ನೀನು ಯಾವತ್ತಾದರೂ ಆ ಬಡ್ಡಿ ಕೇಳಿದ್ದೀಯಾ?” ಎಂದೆ. “ಇಲ್ಲ ಮಾಮ, ಕೇಳಿದರೆ ಮುಂದಿನ ಆರ್ಡರ್ ಬರಬೇಕಲ್ಲ” ಎಂದ. ಅಷ್ಟು ದೂರ ಹೋದರೂ ಹೆದರಿಕೆ ಒಂದೇ.

ನಮ್ಮಲ್ಲಿ ಈಚೆಗೆ ಒಂದು ಬದಲಾವಣೆ ಆಗಿದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದ ಕಂಪನಿ, ಅದನ್ನು ಕೊಡುವವರೆಗೂ ಖರ್ಚು ಎಂದು ತೋರಿಸುವಂತಿಲ್ಲ. ಈಗ ಮಾರ್ಚ್ ತಿಂಗಳಲ್ಲಿ ಅವರ ಲೆಕ್ಕದವರೇ ನನಗೆ ಫೋನ್ ಮಾಡುತ್ತಾರೆ. ಇದಕ್ಕೆ ಉದ್ಯಮ್ ನೋಂದಣಿ ಇರಬೇಕು, ದುಡ್ಡಿಲ್ಲದೆ ಆಗುತ್ತದೆ, ಮಾಡಿಸಿಕೊಳ್ಳಿ. “ನೋಂದಣಿ ಇಲ್ಲದವರ ಹತ್ತಿರವೇ ಕೊಳ್ಳುತ್ತೇವೆ” ಎಂದವರೂ ಇದ್ದಾರೆ. ಅಂಥವರನ್ನು ನಾನು ಬಿಟ್ಟೆ.

ನಮ್ಮನ್ನು ಉಳಿಸಿದ್ದು ದುರಸ್ತಿ ಕೆಲಸ. ಸೋಂಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಕೆಟ್ಟ ಪ್ಯಾನೆಲ್, ರೈತರ ಸುಟ್ಟ ಸ್ಟಾರ್ಟರ್, ಏನೇ ಬರಲಿ, ಬೆಳಿಗ್ಗೆ ತಂದುಕೊಟ್ಟರೆ ಸಂಜೆ ಕೊಡುತ್ತಿದ್ದೆವು, ಸಂಜೆಯೇ ದುಡ್ಡು. ಸೌತೆಕಾಯಿಯ ಲೆಕ್ಕ. 2021ರಲ್ಲಿ ಜಗತ್ತಿಗೇ ಚಿಪ್ ಬರ ಬಂದು, ನೂರು ರೂಪಾಯಿಯೊಳಗೆ ಸಿಗುತ್ತಿದ್ದ ಚಿಪ್ಪಿಗೆ ಎಂಟುನೂರು ಕೇಳಿದಾಗ ಹೊಸ ಸ್ಟಾರ್ಟರ್ ಮಾಡುವುದೇ ನಿಂತಿತ್ತು. ಆಗಲೂ ಸಂಬಳ ತಪ್ಪದಿದ್ದದ್ದು ದುರಸ್ತಿಯಿಂದ.

2022ರಲ್ಲಿ ಸಾಲದ ಕೊನೆಯ ಕಂತು ಕಟ್ಟಿ ಜಮೀನಿನ ಪತ್ರ ಬಿಡಿಸಿಕೊಂಡು ಬಂದೆ. ಕೈಗೆ ಕೊಡೋಣವೆಂದರೆ ಅಪ್ಪ ಇರಲಿಲ್ಲ. ಎರಡು ವರ್ಷ ಮೊದಲೇ ಲಿಂಗೈಕ್ಯರಾಗಿದ್ದರು. ಪತ್ರದ ಮಾತನ್ನು ಅವರು ಒಂದು ಸಲವೂ ಎತ್ತಿರಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಈಗ ಸಾಮಾನು ಕೊಟ್ಟವರಿಗೆ ಹದಿನೈದು ದಿನದಲ್ಲಿ ದುಡ್ಡು ಕೊಡುತ್ತೇವೆ, ಮೇಲಿಂದ ಬರಲಿ ಬಿಡಲಿ. ಅದಕ್ಕಾಗಿ ಕೆಲವು ಆರ್ಡರ್ ಬೇಡ ಎನ್ನಬೇಕಾಗುತ್ತದೆ. ಮುಂಗಡ ಕೊಡದ ದೊಡ್ಡ ಗಿರಾಕಿಯನ್ನು ಒಪ್ಪುವುದಿಲ್ಲ. ಮೂರು ತಿಂಗಳ ಸಂಬಳ ಬೇರೆ ಖಾತೆಯಲ್ಲಿ ಇರುತ್ತದೆ, ಅದನ್ನು ಮುಟ್ಟಬೇಕಾದರೆ ನಮ್ಮ ಮನೆಯವರ ಸಹಿ ಬೇಕು. ಅವರು ಸುಲಭಕ್ಕೆ ಹಾಕುವವರಲ್ಲ. ಪೀಣ್ಯದ ಯಜಮಾನರು ಈಗಲೂ ನಮ್ಮ ಡಬ್ಬಿಗಳನ್ನು ಮಾಡುತ್ತಾರೆ. ಅವರ ಮಗಳು ಓದು ಮುಗಿಸಿದಳು. ಆ ಗುರುವಾರದ ಫೀಸು ನನ್ನ ದುಡ್ಡಿನಿಂದ ಕಟ್ಟಿದರೋ, ಅಷ್ಟರಲ್ಲಿ ಬೇರೆ ಕಡೆ ಸಾಲ ಮಾಡಿದ್ದರೋ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಹಿಂದೆ ನಿಂತಿರುವ ಹುಡುಗರಲ್ಲಿ ಇಬ್ಬರು ಮೂವರು ಏನೋ ಮಾಡಬೇಕೆಂದಿದ್ದಾರೆ ಎಂದು ಪೂಜ್ಯರು ಹೇಳಿದರು. ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬನ್ನಿ. ನಿಮ್ಮ ಯೋಚನೆ ಕೇಳುವುದಕ್ಕೆ ಮೊದಲು ನಿಮ್ಮ ಖರ್ಚಿನ ಪುಸ್ತಕ ನೋಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪುಸ್ತಕ ಇಲ್ಲದಿದ್ದರೆ ಇವತ್ತು ಸಂಜೆ ಒಂದು ಕೊಂಡುಕೊಳ್ಳಿ. ದಾಸೋಹಕ್ಕೆ ಹೊತ್ತಾಯಿತು, ಒಳಗಿಂದ ಸಾರಿನ ಘಮ ಬರುತ್ತಿದೆ. ಉಳಿದದ್ದನ್ನು ಪಂಕ್ತಿಯಲ್ಲಿ ಕುಳಿತು ಕೇಳಿ.