ಪಫ್ಸ್ ಉಬ್ಬದಿದ್ದರೆ ಕೈಗುಣವನ್ನು ದೂರಬೇಡಿ

(ಸಂಘದ ವಾರ್ಷಿಕ ಸಮಾವೇಶದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಬಗ್ಗೆ ಮಾತನಾಡಬೇಕಾದ ವೇದಿಕೆಯಲ್ಲಿ ಪಫ್ಸ್ ಮಾಡುವ ಬಗ್ಗೆ ಏನು ಭಾಷಣ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾನು ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವಳು. ಈ ವಿಷಯವನ್ನು ನಾನು ಯಾಕೆ ಆರಿಸಿಕೊಂಡೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ನಮ್ಮ ಮನೆಗೆ ಬಂದಳು. ಪದವಿ ಓದುತ್ತಿರುವ ಹುಡುಗಿ. ಕೂಡಿಟ್ಟ ಹಣದಲ್ಲಿ ಒಂದು ಓಟಿಜಿ ಓವನ್ ತೆಗೆದುಕೊಂಡು, ಎಗ್ ಪಫ್ಸ್ ಮಾಡಿ ಮಾರಿ ಪರೀಕ್ಷೆ ಶುಲ್ಕ ಕಟ್ಟಬೇಕೆಂದು ಹೊರಟಿದ್ದಳು. ನೆರೆಮನೆಯ ಒಂದು ಕಾರ್ಯಕ್ರಮಕ್ಕೆ ನಲವತ್ತು ಪಫ್ಸ್ ಬೇಕೆಂದು ಮುಂಗಡವೂ ಸಿಕ್ಕಿತ್ತು. ಆದರೆ ಎರಡು ಸಲ ಮಾಡಿದರೂ ಪಫ್ಸ್ ಉಬ್ಬಲಿಲ್ಲ. ಬೆಣ್ಣೆಯೆಲ್ಲ ಟ್ರೇಯಲ್ಲಿ ಹರಿದು, ಮೇಲೆ ಕರಕಲು, ಒಳಗೆ ಹಸಿ ಹಿಟ್ಟು. "ಮುಂಗಡ ವಾಪಸ್ ಕೊಟ್ಟುಬಿಡೋಣ ಅಂತಿದ್ದೇವೆ ಟೀಚರ್. ನಮ್ಮದು ಕೈಗುಣ ಇಲ್ಲದ ಕೈ" ಎಂದರು ತಾಯಿ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ನನಗೆ ನೋವಾದದ್ದು ಪಫ್ಸ್ ಕೆಟ್ಟದ್ದಕ್ಕಲ್ಲ, ಆ "ಕೈಗುಣ" ಎಂಬ ಮಾತಿಗೆ. ಕೆಟ್ಟದ್ದಕ್ಕೆ ಕಾರಣ ಇರುತ್ತದೆ, ಕಾರಣ ಸಿಕ್ಕರೆ ಪರಿಹಾರವೂ ಸಿಗುತ್ತದೆ. ವಿಜ್ಞಾನದ ಮೊದಲ ಪಾಠವೇ ಅದು. ಹುಡುಗಿ ಆ ನೆರೆಯವರಲ್ಲಿ ಇದ್ದ ವಿಷಯ ಹೇಳಿ, ಸರಿಯಾಗದಿದ್ದರೆ ಒಂದು ವಾರ ಮೊದಲೇ ತಿಳಿಸುತ್ತೇನೆಂದು ಮಾತು ಕೊಟ್ಟಳು. ಆ ಮೇಲೆ ನಾವು ಮೂರು ಭಾನುವಾರ ಕೂತು ಒಂದೊಂದೇ ಕಾರಣ ಹುಡುಕಿದೆವು. ಆಗ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪದರ ಉಬ್ಬುವುದು ಹೇಗೆ?

ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಬೇಕರಿಗಳಲ್ಲಿ ಪೇಸ್ಟ್ರಿ ಎಂದರೆ ಕ್ರೀಂ ಹಚ್ಚಿದ ಕೇಕಿನ ತುಂಡು. ನಾನು ಹೇಳುತ್ತಿರುವ ಪೇಸ್ಟ್ರಿ ಅದಲ್ಲ. ಪಫ್ಸ್‌ನ ಹೊರಗಿರುವ, ಪದರ ಪದರವಾಗಿ ಬಿಡುವ ಹಿಟ್ಟಿನ ಕವಚ.

ಚಿರೋಟಿ ಮಾಡಿದವರಿಗೆ ಇದರ ಗುಟ್ಟು ಅರ್ಧ ಗೊತ್ತು. ಚಿರೋಟಿಯಲ್ಲಿ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಸವರುತ್ತೇವೆ. ಹಾಳೆಗಳು ಒಂದಕ್ಕೊಂದು ಅಂಟದೆ ಎಣ್ಣೆಯಲ್ಲಿ ಬಿಡಿಸಿಕೊಳ್ಳುತ್ತವೆ. ಪಫ್ಸ್‌ನಲ್ಲಿ ಆ ಜಾಗದಲ್ಲಿ ಬೆಣ್ಣೆ. ಹಿಟ್ಟಿನೊಳಗೆ ಬೆಣ್ಣೆಯ ಹಾಳೆಯಿಟ್ಟು, ಲಟ್ಟಿಸಿ, ಮೂರು ಮಡಿಕೆ ಮಡಿಚಿ, ಮತ್ತೆ ಲಟ್ಟಿಸುತ್ತೇವೆ. ನಾಲ್ಕು ಸಲ ಹೀಗೆ ಮಾಡಿದರೆ ಬೆಣ್ಣೆಯ 81 ಪದರ. ಆರು ಸಲ ಮಾಡಿದರೆ 729. ಹಿಟ್ಟಿನಲ್ಲೂ ಬೆಣ್ಣೆಯಲ್ಲೂ ನೀರಿದೆ. ಓವನಿನ ಬಿಸಿಗೆ ಆ ನೀರು ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸುಮಾರು 1600 ಪಟ್ಟು ಹೆಚ್ಚು ಜಾಗ ಬೇಕು. ಅದು ಹಿಟ್ಟಿನ ಪದರಗಳನ್ನು ಮೇಲಕ್ಕೆ ತಳ್ಳುತ್ತದೆ. ಬೇಕಿಂಗ್ ಪೌಡರೂ ಇಲ್ಲ, ಸೋಡವೂ ಇಲ್ಲ. ಬರೀ ಆವಿಯ ಕೆಲಸ. ಪದರ ಉಳಿಯಬೇಕು, ಆವಿ ಬೇಗ ಹುಟ್ಟಬೇಕು. ಹೆಚ್ಚಿನ ದೋಷಗಳು ಈ ಎರಡರಲ್ಲೊಂದು ತಪ್ಪಿದ್ದರಿಂದ ಬರುತ್ತವೆ.

ಅಳತೆ ಸರಳ. ಮೈದಾ 250 ಗ್ರಾಂ, ತಣ್ಣೀರು ಸುಮಾರು 125 ಮಿಲಿ, ಹಿಟ್ಟಿಗೆ ಬೆಣ್ಣೆ 25 ಗ್ರಾಂ, ಮಡಿಕೆಯ ಒಳಗಿಡಲು ಬೆಣ್ಣೆ 200 ಗ್ರಾಂ. ಉಪ್ಪಿನ ಬೆಣ್ಣೆಯಾದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ.

ಬೆಣ್ಣೆ ಸೋರಿದರೆ

ಹುಡುಗಿಯ ಮೊದಲ ದೋಷ ಇದು. "ಎಷ್ಟು ಹೊತ್ತಿಗೆ ಮಾಡಿದೆ ಮಗಳೇ?" ಎಂದು ಕೇಳಿದೆ. "ಮಧ್ಯಾಹ್ನದ ಅಡುಗೆ ಮುಗಿಸಿ, ಎರಡು ಗಂಟೆಗೆ" ಎಂದಳು. ಅಲ್ಲೇ ಕಾರಣ ಸಿಕ್ಕಿತು. ಬೆಣ್ಣೆ 20 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, 32ರಿಂದ 35 ಡಿಗ್ರಿಯಲ್ಲಿ ಕರಗಿ ಹರಿಯುತ್ತದೆ. ಕರಾವಳಿಯ ಅಡುಗೆಮನೆ ಮಧ್ಯಾಹ್ನ, ಅದೂ ಒಲೆ ಆರಿಸಿದ ಮೇಲೆ, 30 ಡಿಗ್ರಿಗಿಂತ ಕಡಿಮೆ ಇರುವುದು ಅಪರೂಪ. ಲಟ್ಟಿಸುವಾಗಲೇ ಬೆಣ್ಣೆ ಹಿಟ್ಟಿನೊಳಗೆ ಇಂಗಿಬಿಡುತ್ತದೆ. ಆಮೇಲೆ ಪದರ ಎಲ್ಲಿ? ಪುಸ್ತಕದಲ್ಲಿ "ಕೋಣೆಯ ಉಷ್ಣತೆ" ಎಂದು ಬರೆದವರು ತಂಪು ದೇಶದವರಾದರೆ, ಅವರ ಕೋಣೆ ಬೇರೆ, ನಮ್ಮ ಕೋಣೆ ಬೇರೆ.

ಪರಿಹಾರ ಹೀಗೆ: ಮುಂಜಾನೆ ಒಲೆ ಹಚ್ಚುವ ಮೊದಲೇ ಲಟ್ಟಿಸುವ ಕೆಲಸ ಮುಗಿಸಿ. ಮೈದಾವನ್ನೂ ನೀರನ್ನೂ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಗ್ರಾನೈಟ್ ಕಟ್ಟೆಯ ಮೇಲೆ ಐಸ್ ತುಂಬಿದ ಟ್ರೇ ಹತ್ತು ನಿಮಿಷ ಇಟ್ಟು, ತೇವವನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ಲಟ್ಟಿಸಿ. ಬೆಣ್ಣೆ ಕಲ್ಲಿನಂತೆಯೂ ಇರಬಾರದು, ಅದು ಒಳಗೆ ಒಡೆದು ಹಿಟ್ಟನ್ನು ಹರಿಯುತ್ತದೆ. ಮಡಿಚಿದರೆ ಮುರಿಯದೆ ಬಾಗಬೇಕು, ಬೆರಳಿಗೆ ತಂಪಾಗಿರಬೇಕು. ಹಿಟ್ಟಿನ ಮೇಲೆ ಜಿಡ್ಡಿನ ಹೊಳಪು ಕಂಡ ಕೂಡಲೇ ಕೈ ನಿಲ್ಲಿಸಿ, ಅರ್ಧ ಗಂಟೆ ಫ್ರಿಜ್‌ಗೆ ಹಾಕಿ. ಹೊಸಬರು ನಾಲ್ಕು ಮಡಿಕೆಗೆ ತೃಪ್ತರಾಗಿ. ಬಿಸಿಯಲ್ಲಿ ಆರು ಮಾಡಲು ಹೋಗಿ ಇದ್ದ ಪದರವನ್ನೂ ಕಳೆದುಕೊಳ್ಳಬೇಡಿ.

ಬೇಕರಿಯವರ ಪಫ್ಸ್ ಎಂಥ ಸೆಕೆಯಲ್ಲೂ ಹೇಗೆ ಉಬ್ಬುತ್ತದೆ ಎಂದು ಕೇಳುವವರಿದ್ದಾರೆ. ಅನೇಕ ಕಡೆ ಬಳಸುವುದು ಬೆಣ್ಣೆಯಲ್ಲ, ಬೇಗ ಕರಗದ ಮಾರ್ಗರಿನ್. ನೀವೂ ಅದನ್ನು ಬಳಸುವುದಾದರೆ ಪೊಟ್ಟಣದ ಮೇಲಿನ ಬರಹ ಓದಿ. ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕು. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡಾ 2ನ್ನು ಮೀರಬಾರದೆಂಬ ನಿಯಮ ಬಂದಿದೆ. ತಯಾರಕರ ಹೆಸರಿಲ್ಲದ, ಬಿಡಿಯಾಗಿ ತೂಗಿ ಕೊಡುವ ಕೊಬ್ಬನ್ನು ಮನೆಗೆ ತರಬೇಡಿ.

ಹಿಟ್ಟು ಕುಗ್ಗಿದರೆ, ಗಟ್ಟಿಯಾದರೆ

ಲಟ್ಟಿಸಿದ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ; ಚೌಕವಾಗಿ ಕತ್ತರಿಸಿದ್ದು ಓವನಿನಲ್ಲಿ ಸೊಟ್ಟಗಾಗುತ್ತದೆ. ಇದಕ್ಕೆ ಕಾರಣ ಗ್ಲುಟೆನ್, ಅಂದರೆ ಮೈದಾದ ಪ್ರೋಟೀನು ನೀರು ಕುಡಿದು ಕಟ್ಟುವ ಜಾಲ. ನಾದಿದಷ್ಟೂ ಅದು ಬಿಗಿಯುತ್ತದೆ. ಪರೋಟಕ್ಕೆ ನಾದಿದಂತೆ ಇದನ್ನು ನಾದಬಾರದು. ಹಿಟ್ಟು ಒಂದಾಗಿ ಕೂಡಿದರೆ ಸಾಕು. ಎರಡು ಮಡಿಕೆ ಆದ ಮೇಲೆ ಅರ್ಧ ಗಂಟೆ, ಕತ್ತರಿಸುವ ಮೊದಲು ಮತ್ತೆ ಅರ್ಧ ಗಂಟೆ ಮುಚ್ಚಿ ಫ್ರಿಜ್‌ನಲ್ಲಿಡಿ. ಬಿಗಿದ ಜಾಲ ಸಡಿಲವಾಗುತ್ತದೆ, ಬೆಣ್ಣೆಯೂ ಗಟ್ಟಿಯಾಗುತ್ತದೆ. ಲಟ್ಟಿಸುವಾಗ ಉದುರಿಸಿದ ಮೈದಾವನ್ನು ಮಡಿಚುವ ಮೊದಲು ಬ್ರಷ್‌ನಿಂದ ತೆಗೆಯಿರಿ. ಅದು ಒಳಗೆ ಸೇರಿದರೆ ಪಫ್ಸ್ ಒಣಗಿ ಗಟ್ಟಿಯಾಗುತ್ತದೆ.

ಮೇಲೆ ಕಪ್ಪು, ಒಳಗೆ ಹಸಿ

ಇದು ಓವನಿನ ದೋಷ. ಸಣ್ಣ ಓಟಿಜಿಯಲ್ಲಿ ಮೇಲಿನ ಕಾಯಿಲ್ ತಿಂಡಿಗೆ ತೀರಾ ಹತ್ತಿರ. ಟ್ರೇಯನ್ನು ನಡುವಿನ ಅಥವಾ ಅದಕ್ಕೂ ಕೆಳಗಿನ ಅಂತಸ್ತಿನಲ್ಲಿಡಿ. ಗುಂಡಿಯ ಮೇಲೆ 200 ಎಂದಿದ್ದರೆ ಒಳಗೂ 200 ಇದೆ ಎಂದು ನಂಬಬೇಡಿ. ಓವನಿನೊಳಗೆ ಇಡುವ ಥರ್ಮಾಮೀಟರ್ ಸಿಗುತ್ತದೆ, ಅದೊಂದು ತೆಗೆದುಕೊಳ್ಳಿ. ನಮ್ಮ ಹುಡುಗಿಯ ಓವನ್ 200ಕ್ಕೆ ತಿರುಗಿಸಿದರೆ 170ರಲ್ಲೇ ನಿಲ್ಲುತ್ತಿತ್ತು. ಅಷ್ಟು ಕಡಿಮೆ ಬಿಸಿಯಲ್ಲಿ ಆವಿ ಹುಟ್ಟುವ ಮೊದಲೇ ಬೆಣ್ಣೆ ಕರಗಿ ಸೋರುತ್ತದೆ. ಸೋರುವುದಕ್ಕೆ ಅವಳಲ್ಲಿ ಎರಡನೆಯ ಕಾರಣವೂ ಇತ್ತೆಂದು ನಮಗೆ ತಿಳಿದದ್ದು ಹೀಗೆ. ಉಬ್ಬದ್ದನ್ನು ಕಂಡು ಅವಳು ಮೇಲಿನ ಕಾಯಿಲ್ ಒಂದನ್ನೇ ಉರಿಸಿದ್ದಳು, ಅದಕ್ಕೇ ಮೇಲೆ ಕರಕಲು.

ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೆ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. 230 ವೋಲ್ಟ್ ಬರಬೇಕಾದಲ್ಲಿ 200 ಬಂದರೆ ಶಾಖ ಸುಮಾರು ಕಾಲು ಭಾಗ ಕಡಿಮೆ. ವಿದ್ಯುತ್ ಮಂದವಾಗಿರುವ ಸಂಜೆ ಓವನ್ ಬಿಸಿಯಾಗಲು ಹೆಚ್ಚು ಹೊತ್ತು ಬೇಕು. ಬಾಗಿಲು ತೆರೆದರೆ ಕಳೆದ ಬಿಸಿ ಮರಳಲೂ ಹೊತ್ತು ಬೇಕು. ಆದ್ದರಿಂದ ಕನಿಷ್ಠ ಇಪ್ಪತ್ತು ನಿಮಿಷ ಖಾಲಿ ಓವನ್ ಕಾಯಿಸಿ. 200ರಿಂದ 220 ಡಿಗ್ರಿಯಲ್ಲಿ ಹದಿನೈದು ನಿಮಿಷ, ಆಮೇಲೆ 180ಕ್ಕೆ ಇಳಿಸಿ ಹತ್ತು ಹದಿನೈದು ನಿಮಿಷ ಬೇಯಿಸಿ. ಮೊದಲ ಹದಿನೈದು ನಿಮಿಷ ಬಾಗಿಲು ತೆರೆಯಲೇಬೇಡಿ. ಆವಿ ಕುಸಿದರೆ ಪದರವೂ ಕುಸಿಯುತ್ತದೆ. ಬಣ್ಣ ಬಂತೆಂದು ಅವಸರದಲ್ಲಿ ಹೊರಗೆ ತೆಗೆಯಬೇಡಿ. ಒಂದನ್ನು ಮುರಿದು ಒಳಗೆ ನೋಡಿ.

ತಳ ಒದ್ದೆಯಾದರೆ, ಒಂದು ಬದಿ ಮಾತ್ರ ಉಬ್ಬಿದರೆ

ಈರುಳ್ಳಿ ಮಸಾಲೆಯಲ್ಲಿ ನೀರಿದ್ದರೆ ತಳ ಬೇಯುವುದಿಲ್ಲ. ಮಸಾಲೆಯನ್ನು ಬಾಣಲೆಯ ತಳ ಕಾಣುವಷ್ಟು ಒಣಗಿಸಿ, ಪೂರ್ತಿ ತಣಿಸಿ. ಬಿಸಿ ಮಸಾಲೆ ಇಟ್ಟರೆ ಬೆಣ್ಣೆ ಅಲ್ಲೇ ಕರಗಿತು ಎಂದೇ ತಿಳಿಯಿರಿ. ಬೇಯಿಸಿದ ಮೊಟ್ಟೆಯ ನೀರನ್ನೂ ಒರೆಸಿ. ಬೆಂದ ಪಫ್ಸನ್ನು ಟ್ರೇಯಲ್ಲೇ ಬಿಡದೆ ಜಾಲರಿಯ ಮೇಲಿಡಿ. ಬಿಸಿಯಾಗಿರುವಾಗಲೇ ಡಬ್ಬಿಯಲ್ಲಿ ಮುಚ್ಚಿದರೆ ಗರಿಗರಿ ಹೋಗುತ್ತದೆ.

ಮೊಂಡು ಚಾಕುವಿನಲ್ಲಿ ಎಳೆದು ಕತ್ತರಿಸಿದರೆ ಅಂಚಿನ ಪದರಗಳು ಒತ್ತಿ ಅಂಟಿಕೊಳ್ಳುತ್ತವೆ. ಹರಿತವಾದ ಚಾಕುವನ್ನು ನೇರ ಕೆಳಕ್ಕೆ ಒತ್ತಿ. ಮೊಟ್ಟೆ ಸವರುವಾಗ ಮೇಲ್ಭಾಗಕ್ಕೆ ಮಾತ್ರ ಸವರಿ. ಅದು ಅಂಚಿನಲ್ಲಿ ಇಳಿದರೆ ಗೋಂದಿನಂತೆ ಅಂಟಿ, ಆ ಬದಿ ಮೇಲೇಳುವುದಿಲ್ಲ.

ಪುಸ್ತಕದಲ್ಲಿ ಬರೆದಿಡಿ

ಮೊದಲ ಭಾನುವಾರ ಅವಳಿಗೆ ನಾನು ಒಂದು ನೋಟ್‌ಬುಕ್ ಕೊಟ್ಟೆ. ಹೊತ್ತು, ಸೆಕೆ, ನೀರಿನ ಅಳತೆ, ಓವನಿನ ಬಿಸಿ, ನಿಮಿಷ, ಫಲ, ಎಲ್ಲವನ್ನೂ ಬರೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಮೊದಲ ವಾರ ಮುಂಜಾನೆ ಮಾಡಿದೆವು; ಲಟ್ಟಿಸುವಾಗ ಪದರ ಕೆಡಲಿಲ್ಲ, ಆದರೆ ಓವನಿನಲ್ಲಿ ಬೆಣ್ಣೆ ಸೋರಿತು. ಎರಡನೆಯ ವಾರ ಥರ್ಮಾಮೀಟರ್ ನೋಡಿ ಬಿಸಿ ಏರಿಸಿದೆವು. ಉಬ್ಬಿತು, ತಳ ಮಾತ್ರ ಒದ್ದೆ. ಮೂರನೆಯ ವಾರ ಮಸಾಲೆ ಒಣಗಿಸಿದೆವು. ಹನ್ನೆರಡರಲ್ಲಿ ಒಂಬತ್ತು ಚೆನ್ನಾಗಿ ಬಂದವು. ಉಳಿದ ಮೂರರಲ್ಲಿ ಮೊಟ್ಟೆ ಅಂಚಿಗೆ ಇಳಿದಿತ್ತು. ಅದನ್ನು ನಾನು ಹೇಳಲಿಲ್ಲ, ಅವಳೇ ಕಂಡುಹಿಡಿದಳು.

ಮುಂಗಡ ವಾಪಸ್ ಕೊಡುವ ಪ್ರಸಂಗ ಬರಲಿಲ್ಲ. ಹಿಂದಿನ ದಿನವೇ ಪಫ್ಸ್ ಕಟ್ಟಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ತಂಡ ತಂಡವಾಗಿ ಬೇಯಿಸಿ ನಲವತ್ತನ್ನೂ ಕೊಟ್ಟಳು. ಮನೆಯಿಂದ ತಿಂಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು ಎಂದು ಹೇಳಿದ್ದೆ, ಅದನ್ನೂ ಮಾಡಿಸಿಕೊಂಡಳು. ಪರೀಕ್ಷೆ ಶುಲ್ಕ ಅವಳ ಸ್ವಂತ ದುಡಿಮೆಯಿಂದ ಹೋಯಿತು.

ತಾಯಂದಿರೇ, ಮಗಳ ಕೈಯಲ್ಲಿ ಏನಾದರೂ ಕೆಟ್ಟರೆ "ನಿನ್ನಿಂದ ಆಗದು" ಎನ್ನುವ ಮೊದಲು "ಎಲ್ಲಿ ತಪ್ಪಿತು ನೋಡೋಣ" ಎನ್ನಿ. ವಿದ್ಯಾರ್ಥಿಗಳೇ, ಲೆಕ್ಕ ತಪ್ಪಿದಾಗ, ಇಂಗ್ಲಿಷ್ ಪತ್ರಿಕೆಯಲ್ಲಿ ಅಂಕ ಕಡಿಮೆ ಬಂದಾಗ, "ನನ್ನ ತಲೆಯೇ ಹೀಗೆ" ಎಂದು ಪುಸ್ತಕ ಮುಚ್ಚಬೇಡಿ. ಅಲ್ಲೂ ಬೆಣ್ಣೆ ಎಲ್ಲಿ ಸೋರಿತೆಂದು ಹುಡುಕಿ, ಒಂದನ್ನು ಬದಲಿಸಿ, ಬರೆದಿಟ್ಟು, ಮತ್ತೆ ಪ್ರಯತ್ನಿಸಿ.